ಅಪ್ಪನ ಹೆಸರು, ಅಜ್ಜಿಯ ನೆತ್ತರು

ಬೆಂಗಳೂರಿನ ಕ್ರಿಕೆಟ್ ತಂಡಕ್ಕೆ 2011ರಿಂದ 2021ರವರೆಗೆ ಆಡಿದ ಡಿ ವಿಲಿಯರ್ಸ್ ಹೆಸರು ನಮ್ಮ ಹಳ್ಳಿ ಹುಡುಗರ ಬಾಯಲ್ಲೂ ಇದೆ. ಅದು ಫ್ರಾನ್ಸಿನ ಹೆಸರು. ರಾಜನ ಧರ್ಮದ್ವೇಷಕ್ಕೆ ಸಿಕ್ಕಿ ಊರು ಬಿಟ್ಟ ಮೂವರು ಅಣ್ಣತಮ್ಮಂದಿರು 1689ರಲ್ಲಿ ಆಫ್ರಿಕದ ದಕ್ಷಿಣ ತುದಿಯ ಕೇಪ್‌ಗೆ ಬಂದಿಳಿದು ಈ ಹೆಸರನ್ನು ಅಲ್ಲಿ ಊರಿದರು. ಡು ಪ್ಲೆಸಿಸ್, ಮಲಾನ್ ಇವೂ ಫ್ರೆಂಚ್ ಹೆಸರುಗಳೇ. ಕ್ರೂಗರ್, ಬೋಥಾ ಜರ್ಮನ್ ಮೂಲದವು. 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಅಲ್ಲಿ ನೆಲೆಯೂರಿದ ಮೇಲೆ ಬಂದು ಸೇರಿದ ಸಿಪಾಯಿ, ನಾವಿಕ, ನಿರಾಶ್ರಿತ, ರೈತರ ಸಂತತಿಯೇ ಇವತ್ತು ಆಫ್ರಿಕಾನರ್ ಅನ್ನಿಸಿಕೊಳ್ಳುವ ಬಿಳಿಯರು.

ಈ ಜನಕ್ಕೆ ವಂಶದ ಹುಚ್ಚು ಜಾಸ್ತಿ. ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಬಂದು ಮನೆತನದ ಪೀಳಿಗೆ ಹೇಳುವ ಹಾಗೆ ಅವರಿಗೆ ಅಚ್ಚಾದ ಹೊತ್ತಿಗೆಗಳಿವೆ. ಹಳೆಯ ಕೇಪ್ ಮನೆತನಗಳ ವಂಶಾವಳಿ 1893–94ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಅದನ್ನು ಕೂಡಿಸಿದವನೂ ಒಬ್ಬ ಡಿ ವಿಲಿಯರ್ಸ್. 1966ರಲ್ಲಿ ಪಾಮಾ ಎಂಬ ವಿದ್ವಾಂಸ ಅದನ್ನು ತಿದ್ದಿ ಬೆಳೆಸಿದ. ಅದರ ಲೆಕ್ಕ ಸರಳ. ಮೂಲಪುರುಷನಿಗೆ 'ಎ', ಅವನ ಮಕ್ಕಳಿಗೆ 'ಬಿ', ಮೊಮ್ಮಕ್ಕಳಿಗೆ 'ಸಿ'. ಮಗನ ಸಾಲು ಮುಂದಕ್ಕೆ ಹೋಗುತ್ತದೆ. ಮಗಳ ಸಾಲು ಅವಳ ಮದುವೆ ಹತ್ತಿರ ನಿಂತುಬಿಡುತ್ತದೆ. ಹೆಂಡತಿ ಅಂದರೆ 'ಇಂಥವಳನ್ನು ಮದುವೆಯಾದ' ಅನ್ನುವ ಒಂದು ತುಂಡು ಗೆರೆ.

ಇಂಥ ಹೊತ್ತಿಗೆಗಳನ್ನು ಯಾರೂ ಸಾಹಿತ್ಯ ಅಂತ ತಿಳಿದು ವಿಮರ್ಶೆ ಮಾಡುವುದಿಲ್ಲ. ಮಾಡಬೇಕು. ಒಂದು ಜನ 'ನಾವು ಇಂಥವರು' ಅಂತ ತಮಗೆ ತಾವೇ ಬರೆದುಕೊಂಡ ದೊಡ್ಡ ಕಥೆ ಇದು. ಯಾವ ಕಥೆಯಲ್ಲೇ ಆಗಲಿ, ಯಾರನ್ನು ಬಿಟ್ಟಿದ್ದಾರೆ ಅನ್ನುವುದೇ ವಿಮರ್ಶೆಯ ಮೊದಲ ಪ್ರಶ್ನೆ.

ಇಲ್ಲಿ ಬಿಟ್ಟಿರೋದು ಅಜ್ಜಿಯರನ್ನು. ಕೇಪ್‌ನಲ್ಲಿ ಮೊದಮೊದಲು ಬಿಳಿ ಹೆಂಗಸರು ಬಹಳ ಕಮ್ಮಿ. 1658ರಿಂದ ಗುಲಾಮರನ್ನು ತುಂಬಿದ ಹಡಗುಗಳು ಬರತೊಡಗಿದವು. ಅಂಗೋಲದಿಂದ, ಗಿನಿಯಿಂದ, ಆಮೇಲೆ ಮಡಗಾಸ್ಕರ್, ಮೊಜಾಂಬಿಕ್, ಇಂಡೋನೇಷ್ಯದಿಂದ. ಅಷ್ಟೇ ಅಲ್ಲ, ನಮ್ಮ ಬಂಗಾಳ, ಮಲಬಾರ್, ಕೋರಮಂಡಲದ ಕರಾವಳಿಯಿಂದಲೂ. ಗುಲಾಮರಿಗೆ ಹುಟ್ಟಿದ ಹೆಸರು ಉಳಿಯಲಿಲ್ಲ. ಕಂಪನಿಯ ದಫ್ತರದಲ್ಲಿ ಅವರು ಬಂಗಾಳದ ಕಾತರಿನಾ, ಬಂಗಾಳದ ಆಂಜೆಲಾ, ಮಡಗಾಸ್ಕರದ ಡಯಾನಾ. ಕ್ರಿಸ್ತಾನ ಹೆಸರು ಒಡೆಯ ಕೊಟ್ಟದ್ದು, ಊರಿನ ಹೆಸರು ಗುಮಾಸ್ತ ಬರೆದದ್ದು.

ಒಬ್ಬಳ ಕಥೆ ಕೇಳಿ. ಇವತ್ತಿನ ಚೆನ್ನೈಗೆ ಉತ್ತರದಲ್ಲಿರುವ ಪುಲಿಕಾಟ್‌ನವಳು. ಡಚ್ ಕಾಗದಗಳಲ್ಲಿ ಅವಳು ಪಲಿಯಾಕಟ್ಟದ ದೊಡ್ಡ ಕಾತ್ರಿನ್. ಬಟಾವಿಯಾದಲ್ಲಿ ಗುಲಾಮಳಾಗಿದ್ದಾಗ ಗಂಡಸೊಬ್ಬನ ಕೊಲೆಯ ಆರೋಪದಲ್ಲಿ ಅವಳಿಗೆ ಮರಣದಂಡನೆಯಾಯಿತು. ಅದನ್ನು ತಗ್ಗಿಸಿ, ಸಾಯುವ ತನಕ ದುಡಿಯುವ ಶಿಕ್ಷೆ ಕೊಟ್ಟು 1657ರಲ್ಲಿ ಕೇಪ್‌ಗೆ ಸಾಗಿಸಿದರು. ಅಲ್ಲಿ ಸ್ನೈಮನ್ ಎಂಬ ಸಿಪಾಯಿಯಿಂದ ಅವಳಿಗೆ ಒಬ್ಬ ಮಗ ಹುಟ್ಟಿದ. ಆ ಮಗ ಕ್ರಿಸ್ಟೋಫೆಲ್ ಮುಂದೆ ಯುರೋಪಿನಿಂದ ಬಂದ ನಿರಾಶ್ರಿತ ಕುಟುಂಬದ ಬಿಳಿ ಹುಡುಗಿಯನ್ನು ಮದುವೆಯಾದ. ಇವತ್ತಿನ ಸ್ನೈಮನ್ ಮನೆತನಕ್ಕೆ ಅವನೇ ಮೂಲಪುರುಷ. ಹೆಸರು ಸಿಪಾಯಿಯದು ಉಳಿಯಿತು. ಹೊತ್ತು ಹೆತ್ತವಳು ನಮ್ಮ ಸಮುದ್ರದ ದಂಡೆಯ ಒಬ್ಬ ಕೈದಿ ಹೆಂಗಸು.

ಬಂಗಾಳದ ಆಂಜೆಲಾ ಮೊದಲ ಡಚ್ ಕಮಾಂಡರ್ ವಾನ್ ರೀಬೆಕ್‌ನ ಮನೆಯಲ್ಲಿ ಗುಲಾಮಳಾಗಿದ್ದವಳು. 1666ರಲ್ಲಿ ಬಿಡುಗಡೆ ಪಡೆದು, ನಿವೇಶನ ಪಡೆದು, 1669ರಲ್ಲಿ ಆರ್ನಾಲ್ಡಸ್ ಬಾಸನ್ ಎಂಬವನನ್ನು ಮದುವೆಯಾದಳು. ಬಾಸನ್ ಮನೆತನ ಅವಳದು. ಹೊರಗಿಂದ ಬಂದವರ ಮಾತಾಯಿತು, ಆ ನೆಲದವರ ಮಾತೇನು? ಖೊಯ್‌ಖೊಯ್ ಬುಡಕಟ್ಟಿನ ಕ್ರೊಟೊವಾ ಸಣ್ಣ ಹುಡುಗಿಯಾಗಿದ್ದಾಗಲೇ ಅದೇ ಕಮಾಂಡರನ ಮನೆ ಸೇರಿ, ಡಚ್ ಕಲಿತು, ದುಭಾಷಿಯಾದವಳು. 1664ರಲ್ಲಿ ಒಬ್ಬ ಡೇನಿಷ್ ವೈದ್ಯನನ್ನು ಮದುವೆಯಾದಳು. ಗಂಡ ಸತ್ತ ಮೇಲೆ ಕುಡುಕಿ ಅಂತ ಹಣೆಪಟ್ಟಿ ಕಟ್ಟಿ, ಮಕ್ಕಳನ್ನು ಕಿತ್ತುಕೊಂಡು ರಾಬನ್ ದ್ವೀಪಕ್ಕೆ ತಳ್ಳಿದರು. 1674ರಲ್ಲಿ ಸತ್ತಳು. ಮಂಡೇಲಾರನ್ನು ಇಟ್ಟ ದ್ವೀಪ ಅದೇ. ಅವಳ ಮಗಳು ಪೀಟರ್‌ನೆಲಾಳ ಮೂಲಕ ಆ ರಕ್ತ ಎಷ್ಟೋ 'ಶುದ್ಧ' ಬಿಳಿ ಮನೆತನಗಳಲ್ಲಿ ಹರಿದಿದೆ.

'ನಾನು ಆಫ್ರಿಕಾನರ್' ಅಂತ ಹೇಳಿಕೊಂಡ ಮೊದಲ ಬಿಳಿಯ ಅಂತ ದಾಖಲಾದವನು ಹೆಂಡ್ರಿಕ್ ಬೀಬೌ ಎಂಬ ಹದಿಹರೆಯದ ಹುಡುಗ. 1707ರಲ್ಲಿ ಸ್ಟೆಲೆನ್‌ಬಾಷ್ ಊರಿನಲ್ಲಿ ಕುಡಿದು ಗಲಾಟೆ ಮಾಡಿ, ಹೊಡೆಯಲು ಬಂದ ಅಧಿಕಾರಿಯ ಎದುರಿಗೆ ಹಾಗೆ ಕೂಗಿದನಂತೆ. ಅವನ ಅಪ್ಪ ಜರ್ಮನಿಯವನು. ಅದೇ ಅಪ್ಪನಿಗೆ ಮಡಗಾಸ್ಕರದ ಡಯಾನಾ ಎಂಬ ಗುಲಾಮಳಲ್ಲಿ ಹುಟ್ಟಿದ ಸುಸಾನಾ ಅವನ ಅಕ್ಕ. ಹುಡುಗನ ಕೂಗು ಇತಿಹಾಸದ ಪುಸ್ತಕ ಸೇರಿತು. ಅಕ್ಕ ಏನು ಕೂಗಿದಳೋ ಬರೆದುಕೊಳ್ಳುವವರು ಇರಲಿಲ್ಲ.

ಬಿಳಿ ಸಾಲಿಗೆ ಸೇರದ ಗುಲಾಮರ ಮಕ್ಕಳು ಏನಾದರು? ಅವರು 'ಕಲರ್ಡ್' ಅನ್ನಿಸಿಕೊಂಡರು. ಅವರ ಮನೆತನದ ಹೆಸರುಗಳನ್ನು ಓದಿ: ಫೆಬ್ರವರಿ, ಏಪ್ರಿಲ್, ಸೆಪ್ಟೆಂಬರ್, ಅಕ್ಟೋಬರ್. ಒಡೆಯರು ಗುಲಾಮರಿಗೆ ಇಟ್ಟ ತಿಂಗಳ ಹೆಸರುಗಳೇ ಮನೆತನದ ಹೆಸರಾಗಿ ಕೂತವು. ಕೇಪ್‌ಟೌನಿನ ಗುಲಾಮರ ಮನೆಯಲ್ಲಿರುವ ವಸ್ತುಸಂಗ್ರಹಾಲಯ ಈಚೆಗೆ 'ನನ್ನ ಹೆಸರು ಫೆಬ್ರವರಿ' ಅಂತಲೇ ಒಂದು ಪ್ರದರ್ಶನ ಮಾಡಿತು. ನಮ್ಮ ತುಳುನಾಡಿನ ಕೇರಿಗಳ ಐತ, ಅಂಗಾರ, ತುಕ್ರ, ತನಿಯ ಇವೂ ಹುಟ್ಟಿದ ವಾರದ ಹೆಸರುಗಳು. ಒಬ್ಬರಿಗೆ ಭೂಮಿಯ ಜೊತೆ ಹೆಸರು, ಇನ್ನೊಬ್ಬರಿಗೆ ಕ್ಯಾಲೆಂಡರಿನ ಹಾಳೆ. ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

1948ರಲ್ಲಿ ಡಿ. ಎಫ್. ಮಲಾನ್ ಅಧಿಕಾರಕ್ಕೆ ಬಂದ ಮೇಲೆ ಈ ವಂಶಾವಳಿಯೇ ಕಾನೂನಾಯಿತು. 1949ರಲ್ಲಿ ಬಿಳಿಯರು ಬೇರೆಯವರನ್ನು ಮದುವೆಯಾಗುವುದಕ್ಕೆ ನಿಷೇಧ. 1950ರಲ್ಲಿ ಪ್ರತಿಯೊಬ್ಬನನ್ನೂ ಬಣ್ಣದ ಮೇಲೆ ವಿಂಗಡಿಸಿ ಬರೆಯುವ ಜನನೋಂದಣಿ ಕಾಯ್ದೆ. ಅನುಮಾನ ಬಂದರೆ ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಜಾರಿ ಬಿದ್ದರೆ ಬಿಳಿಯ, ಸಿಕ್ಕಿಕೊಂಡರೆ ಅಲ್ಲ. 1955ರಲ್ಲಿ ಬಿಳಿ ತಂದೆತಾಯಿಗೆ ಹುಟ್ಟಿದ ಸಾಂಡ್ರಾ ಲೇಂಗ್‌ಳ ಮೈಬಣ್ಣ ಕಂದು, ಕೂದಲು ಗುಂಗುರು. 1966ರಲ್ಲಿ ಅವಳನ್ನು ಬಿಳಿಯರ ಶಾಲೆಯಿಂದ ಹೊರಹಾಕಿ 'ಕಲರ್ಡ್' ಅಂತ ಬರೆದರು. ಕಾನೂನು ತಿದ್ದಿದ ಮೇಲೆ ಮತ್ತೆ ಬಿಳಿಯಳು ಅಂತ ಬರೆದರು. ಅವಳ ಬದುಕು 2008ರಲ್ಲಿ 'ಸ್ಕಿನ್' ಎಂಬ ಸಿನಿಮಾ ಆಯಿತು. ಮುನ್ನೂರು ವರ್ಷದಿಂದ ಹೊತ್ತಿಗೆಯಲ್ಲಿ ಮುಚ್ಚಿಟ್ಟ ಅಜ್ಜಿಯೊಬ್ಬಳು ಮೊಮ್ಮಗಳ ಮುಖದಲ್ಲಿ ಎದ್ದು ಬಂದರೆ ಪ್ರಭುತ್ವ ಅವಳನ್ನು ಶಾಲೆಯಿಂದ ಎತ್ತಿ ಎಸೆಯುತ್ತದೆ. ಇನ್ನೊಂದು ತಮಾಷೆ ನೋಡಿ. ಕರಿಯರನ್ನು ಅವರದೇ ನೆಲದಲ್ಲಿ ಪರದೇಶಿಗಳನ್ನಾಗಿ ಮಾಡಿದ ಪ್ರಧಾನಿ ಫರ್ವೂರ್ಟ್ ಹುಟ್ಟಿದ್ದು 1901ರಲ್ಲಿ, ಆಮ್‌ಸ್ಟರ್‌ಡಾಮಿನಲ್ಲಿ!

ಒಳಗಿನವರೇ ಸತ್ಯ ಅಗೆದದ್ದೂ ಉಂಟು, ಅದನ್ನು ಮರೆಯಬಾರದು. ಜೆ. ಎ. ಹೀಸ 1971ರಲ್ಲಿ ಆಫ್ರಿಕಾನರ್ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ, ಅವರ ರಕ್ತದಲ್ಲಿ ನೂರಕ್ಕೆ ಸುಮಾರು ಏಳು ಪಾಲು ಯುರೋಪಿನದಲ್ಲ ಎಂದು ಲೆಕ್ಕ ತೆಗೆದ. ಅವನ ಮಗ ಹಾನ್ಸ್ ಹೀಸ 1984ರಲ್ಲಿ 'ಗಡಿಗಳಿಲ್ಲದ ಗುಂಪು' ಎಂಬ ಪುಸ್ತಕ ತಂದು ಕೇಪ್‌ನ ಮಿಶ್ರ ಮದುವೆಗಳ ಪಟ್ಟಿಯನ್ನೇ ಕೊಟ್ಟ. ಮಿಶ್ರ ಮದುವೆಯ ನಿಷೇಧ ಇನ್ನೂ ಜಾರಿಯಲ್ಲಿದ್ದ ಕಾಲ. ಗದ್ದಲವೆದ್ದಿತು. ಮರುವರ್ಷ ಆ ನಿಷೇಧ ರದ್ದಾಯಿತು. ಬಣ್ಣದ ನೋಂದಣಿ ಕಾಯ್ದೆ ಹೋಗಿದ್ದು 1991ರಲ್ಲಿ.

1990ರಲ್ಲಿ ಬಂದ ರಿಯಾನ್ ಮಲಾನ್‌ನ 'ಮೈ ಟ್ರೇಟರ್ಸ್ ಹಾರ್ಟ್' ಈ ಸಾಲಿನಲ್ಲಿ ಬಹಳ ಹೆಸರು ಮಾಡಿದ ಪುಸ್ತಕ. ಪ್ರಧಾನಿ ಮಲಾನ್‌ನ ವಂಶದವನೇ ಈತ. ತನ್ನ ಪೂರ್ವಜ ದಾವಿದ್ ಮಲಾನ್ 1788ರಲ್ಲಿ ಸಾರಾ ಎಂಬ ಗುಲಾಮ ಹೆಣ್ಣಿನ ಜೊತೆ ಓಡಿಹೋದದ್ದನ್ನು, ಆಮೇಲೆ ಅದೇ ದಾವಿದ್ ಬಿಳಿಯರ ಗಡಿನಾಡಿನ ಕ್ರೌರ್ಯದೊಳಗೆ ಕರಗಿಹೋದದ್ದನ್ನು ಹೇಳುತ್ತಾನೆ. ತನ್ನವರ ಹಿಂಸೆಯನ್ನು ಇಷ್ಟು ಬಿಚ್ಚಿ ಬರೆಯಲು ಎದೆ ಬೇಕು. ಅದು ಅವನಿಗಿದೆ. ಆದರೆ ಅವನ ಪ್ರಶ್ನೆ ಏನು? ಪ್ರೀತಿಸಿದ ದಾವಿದ್ ಹೀಗೇಕಾದ, ನಾನು ಹೀಗೇಕಿದ್ದೇನೆ ಅನ್ನೋದು. ಸಾರಾ ಏನಾದಳು ಅನ್ನೋದು ಕಥೆಯ ಅಂಚಿಗೆ ಸರಿಯುತ್ತದೆ. ತಪ್ಪೊಪ್ಪಿಗೆಯಲ್ಲೂ ನಾಯಕ ಮನೆತನದ ಹೆಸರು ಹೊತ್ತವನೇ. ವಂಶಾವಳಿಯ 'ಎ, ಬಿ, ಸಿ' ಇಲ್ಲೂ ತಪ್ಪಲಿಲ್ಲ. ಪುಸ್ತಕದ ದೊಡ್ಡ ಸೋಲು ಇದೇ ಅಂತ ನನಗನ್ನಿಸುತ್ತದೆ. ಒಡೆಯನ ಪಶ್ಚಾತ್ತಾಪದ ಸಾಹಿತ್ಯ ಎಲ್ಲಿ ಬಂದರೂ ನಾವು ಕೇಳಬೇಕಾದ್ದು ಒಂದೇ: ಸಾರಾ ಎಲ್ಲಿ?

ಭಾಷೆಯ ಕಥೆಯೂ ಹೀಗೇ. ಆಫ್ರಿಕಾನ್ಸ್ ಭಾಷೆಯನ್ನು ಡಚ್ ಕಲಿತವರು ಅಡುಗೆಮನೆ ಭಾಷೆ ಅಂತ ಹೀಯಾಳಿಸುತ್ತಿದ್ದರು. ಆ ಮಾತು ನಿಜವೇ! ಗುಲಾಮರು, ಖೊಯ್‌ಖೊಯ್ ಆಳುಗಳು, ದಾದಿಯರು ಡಚ್ಚನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡಿದ್ದರಿಂದಲೇ ಅದು ಬೇರೆ ಭಾಷೆಯಾಯಿತು. ಅದರಲ್ಲಿ 'ಬಹಳ' ಅನ್ನೋದಕ್ಕೆ ಇರುವ 'ಬಾಯ' ಮಲಾಯ್ ಮೂಲದ ಮಾತು. ಕೇಪ್‌ನ ಮುಸ್ಲಿಮರು ಅದನ್ನು ಅರಬ್ಬಿ ಲಿಪಿಯಲ್ಲಿ ಬರೆದರು. ಅಂಥದೊಂದು ಪುಸ್ತಕ 1877ರಲ್ಲಿ ಇಸ್ತಾಂಬುಲ್‌ನಲ್ಲಿ ಅಚ್ಚಾಯಿತು. ಆದರೆ 1875ರಲ್ಲಿ ಪಾರ್ಲ್ ಊರಿನಲ್ಲಿ 'ನಿಜವಾದ ಆಫ್ರಿಕಾನರರ ಸಂಘ' ಕಟ್ಟಿದ ಬಿಳಿಯರು ಅದನ್ನು ತಮ್ಮ ಕುಲದ ಸೊತ್ತು ಮಾಡಿಕೊಂಡರು. 1976ರಲ್ಲಿ ಅದೇ ಭಾಷೆಯನ್ನು ಕರಿಯ ಮಕ್ಕಳ ಶಾಲೆಗಳ ಮೇಲೆ ಹೇರಿದಾಗ ಸೊವೆಟೊದ ಮಕ್ಕಳು ಬೀದಿಗಿಳಿದರು, ಗುಂಡಿಗೆ ಬಲಿಯಾದರು. ಕಲರ್ಡ್ ಕವಿ ಆಡಂ ಸ್ಮಾಲ್ ಆ ಭಾಷೆಯನ್ನು ಕೇರಿಯ ಬಾಯಿಂದ ಆಡಿಸಿ ಬರೆದ. ಅವನಿಗೆ ಆಫ್ರಿಕಾನ್ಸ್ ಸಾಹಿತ್ಯದ ದೊಡ್ಡ ಪ್ರಶಸ್ತಿ ಕೊಡಲು 2012ರವರೆಗೆ ಕಾಯಿಸಿದರು.

ಈಗ ಗಾಳಿ ಬದಲಾಗಿದೆ. 2020ರಲ್ಲಿ ವಿಜ್ಞಾನಿಗಳು 77 ಆಫ್ರಿಕಾನರರ ವಂಶವಾಹಿಗಳನ್ನು ಪರೀಕ್ಷೆ ಮಾಡಿದಾಗ ಹೆಚ್ಚುಕಮ್ಮಿ ಎಲ್ಲರಲ್ಲೂ ಯುರೋಪಿನದಲ್ಲದ ಪಾಲು ಸಿಕ್ಕಿತು, ಸರಾಸರಿ ನೂರಕ್ಕೆ 4.7. ಮೊದಲು ಬಚ್ಚಿಟ್ಟ ಅಜ್ಜಿಯನ್ನು ಈಗ ಕೆಲವರು ಹೆಮ್ಮೆಯಿಂದ ಹೊರತಂದು 'ನಾವೂ ಈ ಮಣ್ಣಿನವರೇ' ಅನ್ನುತ್ತಿದ್ದಾರೆ. ಬೇರೆ ಕೆಲವರು ಅಮೆರಿಕದ ಅಧ್ಯಕ್ಷ ಕರೆದ ಅಂತ ನಿರಾಶ್ರಿತರಾಗಿ ಹೊರಟರು. ಮೊದಲ ತಂಡದ 59 ಜನ 2025ರ ಮೇ ತಿಂಗಳಲ್ಲಿ ಅಲ್ಲಿಗೆ ಇಳಿದರು. ಹೋದವರ ಮಾತು ಬಿಡಿ. ಉಳಿದು ಅಜ್ಜಿಯನ್ನು ಅಪ್ಪಿಕೊಳ್ಳುವವರನ್ನು ನಾವು ಹೇಗೆ ನೋಡಬೇಕು?

ಅಪ್ಪಿಕೊಳ್ಳಲಿ. ಅದು ಸುಳ್ಳಿಗಿಂತ ಒಳ್ಳೆಯದು. ಆದರೆ ಅಜ್ಜಿಯನ್ನು ಒಪ್ಪಿಕೊಂಡ ಮೊಮ್ಮಗ ಅಜ್ಜಿಯ ಬೇರೆ ಮಕ್ಕಳನ್ನೂ ಒಪ್ಪಬೇಕಲ್ಲ? 1913ರ ಭೂಕಾಯ್ದೆ ದೇಶದ ನೆಲದಲ್ಲಿ ನೂರಕ್ಕೆ ಏಳು ಪಾಲನ್ನು ಮಾತ್ರ ಕರಿಯರಿಗೆ ಬಿಟ್ಟಿತು. 1936ರಲ್ಲಿ ಅದು ಹದಿಮೂರಕ್ಕೆ ಏರಿತು. 2017ರ ಸರ್ಕಾರಿ ಲೆಕ್ಕದಲ್ಲೂ ವ್ಯಕ್ತಿಗಳ ಹೆಸರಿನಲ್ಲಿರುವ ಜಮೀನಿನಲ್ಲಿ ನೂರಕ್ಕೆ 72 ಪಾಲು ಬಿಳಿಯರದು. ಅಪ್ಪನ ಹೆಸರಿನಿಂದ ಬಂದ ಜಮೀನನ್ನು ಗಟ್ಟಿಯಾಗಿ ಹಿಡಿದುಕೊಂಡು, ಅಜ್ಜಿಯ ನೆತ್ತರಿನಿಂದ ನೆಂಟಸ್ತಿಕೆಯನ್ನೂ ಕೇಳಿದರೆ ಅದು ಅವಳಿಗೆ ಮಾಡುವ ಎರಡನೇ ಮೋಸ. ಮೊದಲು ಅವಳ ಮೈ, ದುಡಿಮೆ ತಗೊಂಡರು, ಈಗ ಅವಳ ಹೆಸರನ್ನೂ ತಗೊಂಡ ಹಾಗೆ.

ಹಾಗಂತ ಆಫ್ರಿಕಾನರರು ಪರದೇಶಿಗಳು, ಹಡಗು ಹತ್ತಿ ಹೋಗಲಿ ಅಂತ ನಾನು ಹೇಳುವುದಿಲ್ಲ. ಮುನ್ನೂರೈವತ್ತು ವರ್ಷ ಬಾಳಿದವರಿಗೆ ಅದೇ ಊರು. ನೂರಕ್ಕೆ ಇಷ್ಟು ರಕ್ತ ಇದ್ದರೆ ಮಣ್ಣಿನ ಮಗ, ಇಲ್ಲದಿದ್ದರೆ ಅಲ್ಲ ಅನ್ನೋದು ಪೆನ್ಸಿಲ್ ಪರೀಕ್ಷೆಯ ಇನ್ನೊಂದು ರೂಪ. ಹುಟ್ಟಿನ ಲೆಕ್ಕದಿಂದ ಮನುಷ್ಯನನ್ನು ಅಳೆಯುವ ಆಟದಲ್ಲಿ ಕೊನೆಗೆ ಸೋಲುವವರು ಯಾರು ಅನ್ನೋದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮಂಥವರ ವಂಶಾವಳಿ ಮುತ್ತಜ್ಜನ ಹತ್ತಿರ ನಿಂತುಬಿಡುತ್ತದೆ. ಅದರಾಚೆ ಹೆಸರಿಲ್ಲ, ದುಡಿಮೆ ಇದೆ. ನಮಗೂ ಒಬ್ಬ ರಾಜ ಸಿಗಬಹುದು ಅಂತ ಹಿಂದಕ್ಕೆ ಹುಡುಕುತ್ತ ಹೋಗುವ ಚಪಲ ನಮ್ಮಲ್ಲೂ ಇದೆ. ಅದು ಬೇಡ.

ಒಬ್ಬ ಮನುಷ್ಯ ಯಾವ ನೆಲಕ್ಕೆ ಸೇರಿದವನು ಅನ್ನೋದನ್ನು ಅವನ ಹೆಸರಾಗಲಿ ರಕ್ತವಾಗಲಿ ತೀರ್ಮಾನಿಸಬಾರದು. ಆ ನೆಲದಲ್ಲಿ ದುಡಿದವರ ಜೊತೆ ಅವನು ಏನನ್ನು ಹಂಚಿಕೊಂಡ ಅನ್ನೋದು ತೀರ್ಮಾನಿಸಬೇಕು. ಸ್ನೈಮನ್ ಎಂಬ ಹೆಸರಿನವನು ಪುಲಿಕಾಟ್‌ನ ಕೈದಿ ಅಜ್ಜಿಯ ಮೊಮ್ಮಗ ಅಂತ ಹೇಳಿಕೊಂಡರೆ ನಮಗೆ ಸಂತೋಷ. ಆದರೆ ಅವನ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವ ಸೆಪ್ಟೆಂಬರ್ ಎಂಬ ಹೆಸರಿನವಳೂ ಅಂಥದೇ ಅಜ್ಜಿಯೊಬ್ಬಳ ಮೊಮ್ಮಗಳು. ಅವಳ ಕೂಲಿ ಎಷ್ಟು, ಅವಳ ಮನೆ ಯಾರ ಜಾಗದಲ್ಲಿದೆ? ಅದನ್ನು ಅವನು ಮೊದಲು ಹೇಳಲಿ.