ಕಾಯಕದ ಅಳತೆ: ಮನೆ ಮತ್ತು ಮಾರುಕಟ್ಟೆ

ಉದ್ಯಮಿಯ ನಿರ್ಧಾರದಲ್ಲಿ ಮನೆಯ ಮಾತು ಮೇಲೋ ಮಾರುಕಟ್ಟೆಯ ಮಾತು ಮೇಲೋ ಎಂಬ ಪ್ರಶ್ನೆಯನ್ನು ವಚನಸಾಹಿತ್ಯವೂ ಬಲ್ಲದು. ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನು, ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದವನು, ಒಂದು ದಿನ ವಾಡಿಕೆಗಿಂತ ಹೆಚ್ಚು ತಂದನಂತೆ. ಮಡದಿ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬುದು ಪರಂಪರೆಯ ಕಥೆ. ಆಕೆಯ ಆಕ್ಷೇಪ ದುಡಿಮೆಗಲ್ಲ, ಅಳತೆ ಮೀರಿದ ಆಸೆಗೆ.

ಪ್ರಾಟೆಸ್ಟೆಂಟರ ವೃತ್ತಿನಿಷ್ಠೆಯೂ ಮಿತವ್ಯಯವೂ ಬಂಡವಾಳದ ಸಂಚಯಕ್ಕೆ ನೆರವಾದುವೆಂದು ಮ್ಯಾಕ್ಸ್ ವೇಬರನು 1904–05ರಲ್ಲಿ ವಾದಿಸಿದನು. ಕಾಯಕತತ್ತ್ವವನ್ನು ಇದಕ್ಕೆ ಸರಿದೂಗಿಸುವ ವಿಮರ್ಶೆ ಅರ್ಧಸತ್ಯವೆಂದು ನಮಗೆ ತೋರುತ್ತದೆ. ದುಡಿಮೆಯ ಗೌರವದಲ್ಲಿ ಸಾಮ್ಯವುಂಟು, ಗಳಿಕೆಯ ವಿನಿಯೋಗದಲ್ಲಿಲ್ಲ. ಅಲ್ಲಿ ಉಳಿಕೆಯು ಮರಳಿ ಬಂಡವಾಳವಾಗುತ್ತದೆ, ಇಲ್ಲಿ ದಾಸೋಹವಾಗಬೇಕು.

ಆದರೆ ಲಕ್ಕಮ್ಮನ ಮಾತನ್ನು ಅಕ್ಷರಶಃ ಗ್ರಹಿಸುವುದೂ ತಪ್ಪು. ತರಳಬಾಳು ಮಠದ ನೆಲೆಯಾದ ಸಿರಿಗೆರೆಯ ಸುತ್ತ ಕಾಯಕ, ದಾಸೋಹಗಳ ಮಾತು ಎಲ್ಲರಿಗೂ ಪರಿಚಿತ, ಮಳೆಯೋ ನಂಬುವಂಥದಲ್ಲ. ಅಲ್ಲಿ ಅಡಕೆಗೋ ಮೆಕ್ಕೆಜೋಳಕ್ಕೋ ಕೈಹಾಕುವ ಕುಟುಂಬವು ಬರಗಾಲಕ್ಕೆಂದು ಕೂಡಿಡುವುದು ದುರಾಸೆಯಲ್ಲ. ಎಷ್ಟು ದೊರೆತೀತೆಂಬುದನ್ನು ಪೇಟೆಯ ಧಾರಣೆ ಹೇಳಬಲ್ಲದು. ಎಷ್ಟು ಸಾಕೆಂಬುದನ್ನು ಹೇಳಲಾರದು. ಆ ಎರಡನೆಯ ಮಾತನ್ನು ಮನೆಯೇ ಆಡಬೇಕು. ಅದನ್ನು ಮರೆತು ಕಾಯಕವನ್ನು ಬರಿಯ ದುಡಿಮೆಯ ಘೋಷಣೆಯಾಗಿ ಬಳಸುವವರು ಮಾರಯ್ಯನನ್ನು ಉಳಿಸಿಕೊಂಡು ಲಕ್ಕಮ್ಮನನ್ನು ಹೊರಗಟ್ಟಿದಂತೆಯೇ ಸರಿ.