ಕೋವಿಯ ಮೇಲಿನ ಅಕ್ಷರ, ಲಾವಣಿಯೊಳಗಿನ ಹತಾರ

ಕನ್ನಡದಲ್ಲಿ ಕೋವಿ, ಬಂದೂಕು, ತುಪಾಕಿ ಎಂಬ ಮೂರು ಮಾತುಗಳಿವೆ. ಕೋವಿ ಎಂಬುದು ಕೊಳವೆಯೆಂಬ ಅರ್ಥದಿಂದ ಬೆಳೆದ ನಮ್ಮದೇ ಮಾತು. ಬಂದೂಕು ಅರಬ್ಬಿ, ಪಾರಸಿಗಳ ದಾರಿಯಿಂದ ಬಂದುದು. ತುಪಾಕಿಯ ಮೂಲ ತುರ್ಕಿ. ತಮಿಳಿನ ತುಪ್ಪಾಕ್ಕಿಗೂ ಕೊಡವರ ತೋಕಿಗೂ ಅದೇ ಬೇರು. ನಮ್ಮ ಐತಿಹಾಸಿಕ ಕಥನಗಳಲ್ಲಿ ಮಾತ್ರ ಈ ಮೂರೂ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಬಲ್ಲವು. ಪಾತ್ರದ ಕೈಯಲ್ಲಿರುವುದು ಬತ್ತಿ ಹಚ್ಚಿ ಹಾರಿಸುವ ಕೋವಿಯೋ, ಕೇಪಿನ ಕೋವಿಯೋ, ತೋಟಾ ಕೋವಿಯೋ ಎಂದು ಓದುಗ ಕೇಳುವುದಿಲ್ಲ, ಲೇಖಕನೂ ಹೇಳುವುದಿಲ್ಲ. ಕತ್ತಿ, ಗುರಾಣಿ, ಶಾಸನ, ತಾಳೆಗರಿಗಳಿಗೆ ಸಂದ ವಿವೇಚನೆ ಕೋವಿಗೆ ಸಂದಿಲ್ಲ. ಹತ್ತೊಂಬತ್ತನೆಯ ಶತಮಾನದ ಸೈನಿಕ ಕೋವಿಗಳನ್ನು ಸಂಗ್ರಹಿಸಿ ಗುರುತಿಸುವವರು ಈ ವಿವೇಚನೆಯನ್ನು ಶಾಸ್ತ್ರದ ಮಟ್ಟಕ್ಕೆ ಒಯ್ದಿದ್ದಾರೆ. ಆ ಶಾಸ್ತ್ರದಿಂದ ಸಾಹಿತ್ಯದ ಓದಿಗೆ ದೊರೆಯುವುದೇನು, ದೊರೆಯದಿರುವುದೇನು ಎಂಬುದು ಇಲ್ಲಿಯ ಪ್ರಶ್ನೆ.

ಹಳೆಯ ಸೈನಿಕ ಕೋವಿಯು ಒಂದು ಲಿಖಿತ ಪಠ್ಯ. ಕುದುರೆಯ ಕೆಳಗಿನ ಉಕ್ಕಿನ ಪಟ್ಟಿಯಲ್ಲಿ ಕಿರೀಟ, ವಿಕ್ಟೋರಿಯಾ ರಾಣಿಯ ವಿ.ಆರ್. ಎಂಬ ಅಕ್ಷರಗಳು, ಟವರ್ ಅಥವಾ ಎನ್‌ಫೀಲ್ಡ್ ಎಂಬ ಹೆಸರು, ತಯಾರಾದ ವರ್ಷ ಕೆತ್ತಿರುತ್ತವೆ. ಹಿಂಗಾಲಿನ ಮೇಲೆ ನಿಂತ ಸಿಂಹವಿದ್ದರೆ ಅದು ಈಸ್ಟ್ ಇಂಡಿಯಾ ಕಂಪನಿಯ ಸೊತ್ತು. ಅಗಲ ಬಾಣದ ಗುರುತು ಸರಕಾರಿ ಒಡೆತನವನ್ನು ಹೇಳಿದರೆ, ಎರಡು ಬಾಣಗಳ ತುದಿ ಒಂದನ್ನೊಂದು ಮುಟ್ಟುವ ಗುರುತು ಆ ಕೋವಿ ಸೇನೆಯಿಂದ ಹೊರಗೆ ಮಾರಾಟವಾದುದನ್ನು ಹೇಳುತ್ತದೆ. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಸಂವತ್ಸರಗಳನ್ನು ಬರೆದಿಡುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಗ್ರಂಥಸಂಪಾದನೆಯಲ್ಲಿರುವ ತೊಡಕುಗಳೆಲ್ಲ ಇಲ್ಲಿಯೂ ಉಂಟು. ಒಂದು ಕೋವಿಯ ಪಟ್ಟಿಯನ್ನು ಇನ್ನೊಂದರ ನಳಿಗೆಗೆ ಕೂಡಿಸಿರಬಹುದು, ಅದು ಮಿಶ್ರಪಾಠ. ಖೈಬರ್ ಕಣಿವೆಯ ಕಮ್ಮಾರರು ಇಂಗ್ಲಿಷ್ ಕೋವಿಗಳನ್ನು ನೋಡಿ ಮಾಡಿದ ನಕಲುಗಳಲ್ಲಿ ಅಕ್ಷರ ತಿರುವುಮುರುವಾಗಿರುವುದುಂಟು. ಅದು ಲಿಪಿಕಾರನ ಸ್ಖಾಲಿತ್ಯ. ಕೇಪಿನ ಕೋವಿಯನ್ನು ಟಿಪ್ಪುವಿನ ಕಾಲದ್ದೆಂದು ಹೇಳಿ ಮಾರುವುದೂ ಉಂಟು. ಟಿಪ್ಪು ಮಡಿದದ್ದು 1799ರಲ್ಲಿ. ಬ್ರಿಟಿಷ್ ಸೇನೆ ಕೇಪನ್ನು ಒಪ್ಪಿಕೊಂಡದ್ದು 1830ರ ದಶಕದ ಕೊನೆಗೆ. ಟಿಪ್ಪುವಿನ ಕಾರ್ಖಾನೆಯ ಕೋವಿಗಳ ಮೇಲೆ ಹುಲಿಯ ಪಟ್ಟೆಯ ಅಲಂಕಾರವೂ ಅವನು ರೂಢಿಸಿದ ಮೌಲೂದಿ ಶಕೆಯ ವರ್ಷವೂ ಇರುತ್ತವೆ. ಆದ್ದರಿಂದ ಅಂಥ ಹೇಳಿಕೆಯನ್ನು ಕ್ಷೇಪಕವೆಂದು ಎಣಿಸಬೇಕು. ಹೊಳಪಿಗೆಂದು ತಂತಿಯ ಬ್ರಷ್ಷಿನಿಂದ ತಿಕ್ಕಿ ಗುರುತುಗಳನ್ನು ಅಳಿಸುವುದು ಶಾಸನದ ಕಲ್ಲಿನ ಮೇಲೆ ಉಳಿ ಆಡಿಸಿದಂತೆಯೇ.

ಇಂಥ ಓದು ಚರಿತ್ರೆಯ ಅರ್ಥವನ್ನೂ ತೆರೆಯಬಲ್ಲದು. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ನಳಿಗೆಯ ವ್ಯಾಸ 0.577 ಅಂಗುಲ, ಗುಂಡು ತಿರುಗುತ್ತ ನೇರವಾಗಿ ದೂರ ಸಾಗಲೆಂದು ಒಳಗೆ ಸುರುಳಿ ಗೀರುಗಳಿವೆ. ಕೊಬ್ಬು ಸವರಿದ ತೋಟಾಗಳ ವಿವಾದಕ್ಕೆ ಕಾರಣವಾದದ್ದು ಇದೇ ಕೋವಿ. ದಂಗೆಯ ತರುವಾಯ ಭಾರತೀಯ ಸಿಪಾಯಿಗಳಿಗೆಂದು 1858ರ ಮಾದರಿಯೊಂದು ಬಂತು. ಹೊರನೋಟಕ್ಕೆ ಅದು ಎನ್‌ಫೀಲ್ಡಿನ ಅವಳಿ. ಒಳಗೆ ಗೀರುಗಳಿಲ್ಲ, ವ್ಯಾಸ 0.656 ಅಂಗುಲ. ದೂರದ ಗುರಿ ಅದಕ್ಕೆ ನಿಲುಕದು. ಆಳುವವರು ತಮ್ಮ ಸಿಪಾಯಿಗಳನ್ನು ಎಷ್ಟು ನಂಬಿದ್ದರು ಎಂಬುದನ್ನು ಆ ನುಣುಪಾದ ನಳಿಗೆಯೇ ಹೇಳುತ್ತದೆ. ಹೊರಗಿನ ರೂಪವೊಂದೇ, ಒಳಗಿನ ಅರ್ಥ ಬೇರೆ ಎಂಬುದನ್ನು ಕಾವ್ಯದಲ್ಲಿ ಹುಡುಕುವ ನಾವು ಇಲ್ಲಿಯೂ ಕಾಣಬೇಕಾಗಿದೆ.

ಆದರೆ ಈ ಶಾಸ್ತ್ರಕ್ಕೊಂದು ಮಿತಿಯಿದೆ. ಕಿರೀಟ, ಸಿಂಹ, ಬಾಣಗಳೆಲ್ಲವೂ ಆಳುವವರ ಲಿಪಿ. ಊರ ಕಮ್ಮಾರ ಮಾಡಿಕೊಟ್ಟ ನಾಡಕೋವಿಗೆ ವರ್ಷವಿಲ್ಲ, ಕ್ರಮಸಂಖ್ಯೆಯಿಲ್ಲ. ಸಂಗ್ರಾಹಕನ ಪಟ್ಟಿಯಲ್ಲಿ ಅದಕ್ಕೆ ಕೊನೆಯ ಸಾಲು, ಕೆಳಗಿನ ಬೆಲೆ. ಗೆದ್ದವರ ಆಯುಧ ಉಳಿದು ಸೋತವರ ಆಯುಧ ಕರಗಿದ ಲೋಕದಲ್ಲಿ, ಉಳಿದದ್ದರ ಮೇಲೆ ಮಾತ್ರ ನಿಂತ ಶಾಸ್ತ್ರವು ತನಗರಿವಿಲ್ಲದೆಯೇ ಗೆದ್ದವರ ಪಕ್ಷ ವಹಿಸುತ್ತದೆ.

ನಾವಿರುವ ಸೀಮೆಗೆ ಇದು ದೂರದ ಮಾತಲ್ಲ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದ ಹೈದರಾಲಿಯು ಫ್ರೆಂಚ್ ಕುಶಲಕರ್ಮಿಗಳ ನೆರವಿನಿಂದ ಇಲ್ಲಿ ಆಯುಧಶಾಲೆಯನ್ನು ಕಟ್ಟಿದನು. 1792ರಲ್ಲಿ ಈ ನಾಡು ಕಂಪನಿಯ ಕೈಸೇರಿತು. ವಿರೂಪಾಕ್ಷಿಯ ಪಾಳೆಯಗಾರ ಗೋಪಾಲ ನಾಯಕನನ್ನು 1801ರಲ್ಲಿ ಗಲ್ಲಿಗೇರಿಸಲಾಯಿತು. ಅದೇ ವರ್ಷದ ಡಿಸೆಂಬರ್ 1ರಂದು ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್ ಹೊರಡಿಸಿದ ಘೋಷಣೆಯು ಪಾಳೆಯಗಳ ಕೋಟೆಗಳನ್ನು ಕೆಡವಲೂ ಆಯುಧಗಳ ಬಳಕೆಯನ್ನು ಅಡಗಿಸಲೂ ಆಜ್ಞಾಪಿಸಿತು. ಪಾಳೆಯಗಾರರ ಕೋವಿಗಳನ್ನು ಹುಡುಕಿ ಹೊರಟವನು ಈ ದಿನಾಂಕವನ್ನು ಮರೆಯಬಾರದು. ಅವು ಅಪರೂಪವಾಗಿರುವುದು ಕಾಲದ ಸವೆತದಿಂದ ಮಾತ್ರವಲ್ಲ, ಆಜ್ಞೆಯ ಬಲದಿಂದ.

ಇಲ್ಲಿ 1801ರಲ್ಲಿ ನಡೆದುದು 1857ರಲ್ಲಿ ಕನ್ನಡದ ಉತ್ತರ ಗಡಿಯಲ್ಲಿ ಮತ್ತೆ ನಡೆಯಿತು. ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಈ ಘಟನೆಯ ಲಾವಣಿಯನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದವರು ಜೆ. ಎಫ್. ಫ್ಲೀಟ್. ಕಲ್ಲಿನ ಅಕ್ಷರಗಳನ್ನು ಓದುವುದರಲ್ಲಿ ಹೆಸರಾಂತ ಆ ಶಾಸನತಜ್ಞನು ಅಕ್ಷರವಿಲ್ಲದವರ ಬಾಯಿಯ ಪಾಠವನ್ನೂ ಉಳಿಸಿದನೆಂಬುದು ಗಮನಾರ್ಹ.

ಈ ಲಾವಣಿಯನ್ನು ಸ್ವಾತಂತ್ರ್ಯದ ವೀರಗಾಥೆಯೆಂದು ಪಾಠ ಹೇಳುವುದು ರೂಢಿ. ಆ ಓದು ತಪ್ಪಲ್ಲ, ಅಪೂರ್ಣ. ಲಾವಣಿ ಬಳಸುವ ಮಾತು ಹತಾರ. ಅದು ಯಾವ ಮಾದರಿಯದೆಂಬುದು ಲಾವಣಿಕಾರನ ಆಸಕ್ತಿಯಲ್ಲ. ಅದನ್ನು ಕೊಟ್ಟರೆ ಬದುಕು ಉಳಿಯದೆಂಬ ತಿಳಿವಳಿಕೆಯೇ ಅವನ ವಸ್ತು. ಬೇಟೆಯ ಕುಲಕ್ಕೆ ಆಯುಧವು ಯುದ್ಧದ ಸಾಮಗ್ರಿಯಾಗುವ ಮುನ್ನ ಅನ್ನದ ಸಾಧನ. ಲೂಟಿಯ ಭಾಗದಲ್ಲಿ ಲಾವಣಿಕಾರನು ಕೊಡಲಿ, ಕುಡ, ಹಾಲು, ಬೆಣ್ಣೆ, ಉಪ್ಪು, ಅರಿಸಿನ, ಮಂಗಳಸೂತ್ರ, ಬೀಸುಕಲ್ಲುಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಹತಾರವನ್ನು ಕೇಳಿ ಬಂದ ಕಾಯಿದೆ ಬೀಸುಕಲ್ಲಿನವರೆಗೆ ಹೋಯಿತೆಂಬುದನ್ನು ಆ ಪಟ್ಟಿಯೇ ಸಾಧಿಸುತ್ತದೆ. ಮೇಲೆ ಒಂದು ಟೀಕೆಯ ಮಾತೂ ಬೇಕಾಗುವುದಿಲ್ಲ. ಸಂಗ್ರಾಹಕನ ಪಟ್ಟಿಯಲ್ಲಿ ಇಲ್ಲದ್ದೆಲ್ಲ ಈ ಪಟ್ಟಿಯಲ್ಲಿದೆ.

ಕೊಡಗಿನ ಉದಾಹರಣೆಯನ್ನು ಇದರ ಪಕ್ಕದಲ್ಲಿಡಬಹುದು. 1861ರಲ್ಲಿ ಕೊಡವರಿಗೆ ಆಯುಧದ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಅದು ಇಂದಿಗೂ ಬೇರೆ ರೂಪದಲ್ಲಿ ಮುಂದುವರಿದಿದೆ. ಕೈಲ್‌ಪೊಳ್ದಿನಂದು ಅಲ್ಲಿ ಕೋವಿಗೆ ಪೂಜೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಅಲ್ಲಿಯ ಕೋವಿಯ ಗುರುತು ಉಕ್ಕಿನ ಮೇಲಿನ ಕಿರೀಟವೊಂದೇ ಆಗಿ ಉಳಿದಿಲ್ಲ. ಮನೆತನದ ನೆನಪೂ ಅದರ ಪಾಠಕ್ಕೆ ಸೇರಿದೆ. ಆಯುಧ ಮನೆಯಲ್ಲೇ ಉಳಿದಲ್ಲಿ ವಸ್ತು ಮತ್ತು ಮಾತು ಜೊತೆಯಾಗಿವೆ. ಹಲಗಲಿಯಲ್ಲಿ ವಸ್ತು ಹೋಗಿ ಮಾತು ಉಳಿಯಿತು. ಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿ ಬಹುಮಟ್ಟಿಗೆ ವಸ್ತು ಉಳಿದು ಮಾತು ಹೋಗಿದೆ.

ಆದ್ದರಿಂದ ಎರಡು ವಿದ್ಯೆಗಳಿಗೂ ಪರಸ್ಪರ ಋಣವಿದೆ. ಐತಿಹಾಸಿಕ ಕಾದಂಬರಿಕಾರನು ಪಾತ್ರದ ಕೈಗೆ ಕೋವಿ ಕೊಡುವ ಮುನ್ನ ಅದರ ಕಾಲವನ್ನು ತಿಳಿಯಲಿ. ಬತ್ತಿಯೋ ಕೇಪೋ ಎಂಬುದು ಒಂದು ಗುಂಡಿಗೂ ಮುಂದಿನ ಗುಂಡಿಗೂ ನಡುವಿನ ಹೊತ್ತನ್ನೂ, ಮಳೆಯಲ್ಲಿ ಆಯುಧ ಕೈಕೊಡುವುದನ್ನೂ, ಅದರಿಂದ ಪಾತ್ರದ ಧೈರ್ಯದ ಅಳತೆಯನ್ನೂ ನಿರ್ಧರಿಸುತ್ತದೆ. ಸಂಗ್ರಾಹಕನು ಗುರುತುಗಳನ್ನು ಬರೆದುಕೊಳ್ಳುವ ಪುಟದಲ್ಲಿಯೇ ಆ ಕೋವಿ ಯಾರ ಮನೆಯಿಂದ ಬಂತು, ಅಲ್ಲಿ ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನೂ ಬರೆಯಲಿ. ಈ ಸೀಮೆಯ ಕಪ್ಪಿಲಿಯರು, ಅನುಪ್ಪರು ಮೊದಲಾದವರ ಮನೆಗಳಲ್ಲಿ ಕನ್ನಡವು ಬರಹದ ಆಸರೆಯಿಲ್ಲದೆ, ನಾಲಗೆಯ ಮೇಲೆಯೇ ತಲೆಮಾರುಗಳನ್ನು ದಾಟಿದೆ. ಗುರುತಿಲ್ಲದ ಕೋವಿಯಂತೆ ಅದಕ್ಕೂ ಮುದ್ರೆಯಿಲ್ಲ, ವರ್ಷವಿಲ್ಲ. ಬೇಟೆ, ಕಾವಲು, ಆಯುಧಗಳಿಗೆ ಸಂಬಂಧಿಸಿದ ಮಾತುಗಳು ಆ ಮನೆಗಳ ಹಿರಿಯರಲ್ಲಿ ಉಳಿದಿದ್ದರೆ ಅವನ್ನು ಕೇಳಿ ಬರೆದಿಡುವುದು ಸಂಘದಂಥ ಸಂಸ್ಥೆಗೆ ತಕ್ಕ ಕೆಲಸ. ಉಕ್ಕಿನ ಮೇಲಿನ ಅಕ್ಷರವನ್ನು ಓದಲು ಜಗತ್ತಿನಲ್ಲಿ ಬಲ್ಲವರು ಅನೇಕರಿದ್ದಾರೆ. ಈ ಮಾತುಗಳನ್ನು ಓದಬಲ್ಲವರು ಕನ್ನಡಿಗರು ಮಾತ್ರ.