ಪಂಪ್ ಸೆಟ್ಟಿಂಗಿನ ಕೀರ್ತಿ: ಹಳೆಯ ಡೀಸೆಲ್ ಜೀಪಿನ ಮೈಲೇಜ್ ಕುರಿತು ಒಂದು ವಿಮರ್ಶೆ

ಥಾಣೆಯಿಂದ ಕಲ್ಯಾಣದವರೆಗೆ, ಡೊಂಬಿವಲಿಯಿಂದ ನವಿಮುಂಬಯಿಯವರೆಗೆ ಹರಡಿರುವ ಗ್ಯಾರೇಜುಗಳಲ್ಲಿ, ಹಳೆಯ ಡೀಸೆಲ್ ಜೀಪಿನ ಮೈಲೇಜ್ ಕುಸಿದಿದೆ ಎಂಬ ದೂರಿಗೆ ದೊರೆಯುವ ಮೊದಲ ಉತ್ತರ ಬಹುಮಟ್ಟಿಗೆ ಒಂದೇ: ಪಂಪ್ ಸೆಟ್ಟಿಂಗ್. ಎಂಜಿನ್ನಿಗೆ ಅಧಿಕ ಒತ್ತಡದಲ್ಲಿ ಡೀಸೆಲ್ ಒದಗಿಸುವ ಪಂಪಿನ ಸೀಲನ್ನು ಒಡೆದು, ಒಂದು ಸ್ಟ್ರೋಕಿಗೆ ಸಿಲಿಂಡರಿಗೆ ಹೋಗಬಹುದಾದ ಡೀಸೆಲಿನ ಗರಿಷ್ಠ ಪ್ರಮಾಣವನ್ನು ನಿರ್ಧರಿಸುವ ಸ್ಕ್ರೂವನ್ನು ಕಾಲು ಸುತ್ತೋ ಅರ್ಧ ಸುತ್ತೋ ಹಿಂದಕ್ಕೆ ತಿರುಗಿಸುವುದೇ ಈ ಚಿಕಿತ್ಸೆಯ ಸಾರ. ಕೆಲಸ ಬೇಗ ಮುಗಿಯುತ್ತದೆ, ಹೊಸ ಬಿಡಿಭಾಗ ಬೇಕಿಲ್ಲ, ಹೊಗೆ ಇಳಿದದ್ದು ಅಲ್ಲೇ ಕಣ್ಣಿಗೆ ಕಾಣುತ್ತದೆ. ಈ ಕಾರಣಗಳಿಂದ ಅದಕ್ಕೆ ಬಂದಿರುವ ಕೀರ್ತಿ ಅದರ ಯೋಗ್ಯತೆಯನ್ನು ಬಹುದೂರ ಮೀರಿದ್ದು, ಆ ಕೀರ್ತಿಯ ಮರೆಯಲ್ಲಿ ನಿಜವಾಗಿ ಡೀಸೆಲ್ ಉಳಿಸುವ ಕೆಲಸಗಳು ಅಲಕ್ಷ್ಯಕ್ಕೆ ಗುರಿಯಾಗಿವೆ.

ಇಲ್ಲಿ ಚರ್ಚೆಗೆ ಬರುವ ವಾಹನಗಳು ಓದುಗರಿಗೆ ಪರಿಚಿತವಾದವುಗಳೇ: ಮಹೀಂದ್ರದ ಎಂಎಂ 540, ಕಮಾಂಡರ್, ಮೇಜರ್ ಮುಂತಾದ, ಕಂಪ್ಯೂಟರ್ ನಿಯಂತ್ರಣವಿಲ್ಲದ ಡೀಸೆಲ್ ಜೀಪುಗಳು. ಇವುಗಳಲ್ಲಿ ಕೆಲವಕ್ಕೆ ಪ್ಯೂಜೋ ವಿನ್ಯಾಸದ ಎಂಜಿನ್ ಇದೆ. ಅದರಲ್ಲಿ ಡೀಸೆಲ್ ಮೊದಲು ಒಂದು ಚಿಕ್ಕ ಸುಳಿಕೋಣೆಯಲ್ಲಿ ಹೊತ್ತಿಕೊಂಡು ಆಮೇಲೆ ಸಿಲಿಂಡರಿಗೆ ನುಗ್ಗುವುದರಿಂದ, ಕೋಣೆಯ ಗೋಡೆಗಳಿಗೆ ಶಾಖ ಸೋರಿ, ನೇರ ಸಿಂಪಡಣೆಯ ಎಂಜಿನ್ನಿಗಿಂತ ಹೆಚ್ಚು ಡೀಸೆಲ್ ಬೇಕಾಗುತ್ತದೆ. ಇನ್ನು ಕೆಲವಕ್ಕೆ ನೇರ ಸಿಂಪಡಣೆಯ ಎಂಡಿಐ ಎಂಜಿನ್ ಇದೆ. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯ ಹೆಸರು ಈ ವರ್ಗದ ಡೀಸೆಲ್ ಪಂಪುಗಳ ಜೊತೆ ಎಷ್ಟು ಬೆರೆತಿದೆಯೆಂದರೆ, ಆ ಕಂಪನಿಯ ನೆಲೆಯಾದ ಬೆಂಗಳೂರಿನ ಆಡುಗೋಡಿಯನ್ನು ಕಂಡರಿಯದ ಮೆಕ್ಯಾನಿಕ್ಕೂ ಪಂಪನ್ನು ಮೈಕೋ ಎಂದೇ ಕರೆಯುತ್ತಾನೆ.

ಪಂಪ್ ಸೆಟ್ಟಿಂಗಿನ ತರ್ಕ ಮೇಲುನೋಟಕ್ಕೆ ನಿರಾಕರಿಸಲಾಗದಂತೆ ಕಾಣುತ್ತದೆ: ಪಂಪ್ ಕಡಿಮೆ ಡೀಸೆಲ್ ಕೊಟ್ಟರೆ ಎಂಜಿನ್ ಕಡಿಮೆ ಡೀಸೆಲ್ ಕುಡಿಯಬೇಕಲ್ಲವೇ? ಈ ತರ್ಕ ಮರೆತಿರುವ ಭಾಗದ ಹೆಸರು ಗವರ್ನರ್. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯ ಪ್ರಮಾಣವನ್ನು ಕಡಿಮೆ ಮಾಡಿ ಶಕ್ತಿಯನ್ನು ನಿಯಂತ್ರಿಸುವುದಿಲ್ಲ. ಚಾಲಕನ ಕಾಲಿನ ಒತ್ತಡವನ್ನೂ ಎಂಜಿನ್ನಿನ ವೇಗವನ್ನೂ ತೂಗಿ, ಆ ಕ್ಷಣದ ಹೊರೆಗೆ ಎಷ್ಟು ಡೀಸೆಲ್ ಬೇಕೋ ಅಷ್ಟನ್ನು ಮಾತ್ರ ಒಳಗೆ ಬಿಡುವ ಯಂತ್ರಾಂಗವೇ ಗವರ್ನರ್. ಸಾಲು ಪಂಪಿನಲ್ಲಿ, ಅಂದರೆ ಪ್ರತಿ ಸಿಲಿಂಡರಿಗೂ ಒಂದೊಂದು ಪ್ಲಂಜರ್ ಇರುವ ಪಂಪಿನಲ್ಲಿ, ಗರಿಷ್ಠ ಪ್ರಮಾಣದ ಸ್ಕ್ರೂ ಎಂಬುದು ಡೀಸೆಲನ್ನು ಅಳೆಯುವ ಸರಳಿನ ಚಲನೆಗೆ ಕೊನೆಯಲ್ಲಿ ಒಡ್ಡಿದ ಒಂದು ತಡೆ ಮಾತ್ರ. ಸರಳು ಆ ತಡೆಯವರೆಗೆ ಹೋಗದೇ ಇರುವಷ್ಟು ಹೊತ್ತು, ತಡೆ ಎಲ್ಲಿದೆ ಎಂಬುದರಿಂದ ಡೀಸೆಲಿನ ಖರ್ಚಿನಲ್ಲಿ ಒಂದು ಹನಿಯ ವ್ಯತ್ಯಾಸವೂ ಆಗುವುದಿಲ್ಲ.

ಹಾಗಾದರೆ ಸರಳು ಆ ತಡೆಯನ್ನು ಮುಟ್ಟುವುದು ಎಷ್ಟು ಹೊತ್ತು ಎಂಬುದೇ ಮುಖ್ಯ ಪ್ರಶ್ನೆ. ಸುಮಾರು 1500 ಕಿಲೋ ತೂಗುವ ಜೀಪ್ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವಾಗ ಟೈರಿನ ಉರುಳು ತಡೆ ಮತ್ತು ಗಾಳಿಯ ತಡೆ ಎರಡೂ ಹೆಚ್ಚುಕಡಿಮೆ ಸಮವಾಗಿದ್ದು, ಗೇರ್‌ಬಾಕ್ಸು, ಆಕ್ಸಲುಗಳ ನಷ್ಟವನ್ನು ಸೇರಿಸಿದರೂ ಬೇಕಾಗುವ ಶಕ್ತಿ ಸುಮಾರು 10 ಕಿಲೋವ್ಯಾಟ್. ಇದು ಆ ವೇಗದಲ್ಲಿ ಎಂಜಿನ್ ಕೊಡಬಲ್ಲ ಶಕ್ತಿಯ ಮೂರನೇ ಒಂದು ಭಾಗದಷ್ಟೇ. ಮುಂಬಯಿ–ನಾಸಿಕ್ ಹೆದ್ದಾರಿಯ ಸಮತಟ್ಟು ಭಾಗಗಳಲ್ಲಾಗಲಿ ನವಿಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಾಗಲಿ ಹದವಾದ ವೇಗದಲ್ಲಿ ಸಾಗುವ ಜೀಪಿನ ಪಂಪ್ ಆ ಸ್ಕ್ರೂವಿನ ಹತ್ತಿರಕ್ಕೂ ಹೋಗುವುದಿಲ್ಲ. ಶಿಲ್‌ಫಾಟಾದ ಟ್ರಾಫಿಕ್ಕಿನಲ್ಲಿ ನಿಂತ ಜೀಪಿನ ಮಾತಂತೂ ಬೇರೆಯೇ: ಈ ಗಾತ್ರದ ಎಂಜಿನ್ ನಿಂತಲ್ಲೇ ಓಡುತ್ತ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಸುಡುತ್ತದೆ, ಕಿಲೋಮೀಟರಿನ ಲೆಕ್ಕಕ್ಕೆ ಏನೂ ಸೇರುವುದಿಲ್ಲ, ಗರಿಷ್ಠ ಪ್ರಮಾಣದ ಸ್ಕ್ರೂಗೆ ಅಲ್ಲಿ ಕೆಲಸವೇ ಇಲ್ಲ.

ರೋಟರಿ ಪಂಪಿನಲ್ಲಿ, ಅಂದರೆ ಒಂದೇ ಪ್ಲಂಜರ್ ತಿರುಗುತ್ತ ಎಲ್ಲ ಸಿಲಿಂಡರುಗಳಿಗೂ ಡೀಸೆಲ್ ಹಂಚುವ ಪಂಪಿನಲ್ಲಿ, ಸಂಗತಿ ಇನ್ನೂ ಸೂಕ್ಷ್ಮವಾಗಿದೆ. ಈ ಚಿಕಿತ್ಸೆ ತಾನು ಮಾಡದ ಕೆಲಸದ ಶ್ರೇಯಸ್ಸನ್ನು ಪಡೆದುಕೊಳ್ಳುವುದು ಇಲ್ಲಿಯೇ. ಅಲ್ಲಿ ಸ್ಕ್ರೂ ತಿರುಗಿಸಿದರೆ ಗವರ್ನರಿನ ಲಿವರುಗಳ ಇಡೀ ನೆಲೆಯೇ ತುಸು ಸರಿಯುತ್ತದೆ. ಐಡಲ್ ಇಳಿಯುತ್ತದೆ, ಕಾಲಿಟ್ಟಷ್ಟೇ ಇಟ್ಟರೆ ಮೊದಲಿಗಿಂತ ಕಡಿಮೆ ಡೀಸೆಲ್ ಹೋಗುತ್ತದೆ, ಪೆಡಲ್ ಮಂದವಾದಂತೆ ಅನಿಸುತ್ತದೆ. ಅದೇ ವೇಗ ಬೇಕೆಂದು ಚಾಲಕ ಪೆಡಲನ್ನು ಇನ್ನಷ್ಟು ಒತ್ತಿದರೆ ಹಳೆಯ ಪ್ರಮಾಣವೇ ಮರಳುತ್ತದೆ. ಒತ್ತದೆ ನಿಧಾನಕ್ಕೆ ಒಗ್ಗಿಕೊಂಡರೆ ಮೈಲೇಜ್ ನಿಜಕ್ಕೂ ಏರುತ್ತದೆ, ಆದರೆ ಆ ಉಳಿತಾಯ ವೇಗ ಇಳಿದದ್ದರಿಂದ ಬಂದದ್ದು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, 60ರ ಬದಲು 80 ಕಿಲೋಮೀಟರ್ ವೇಗದಲ್ಲಿ ಸಾಗಿದರೆ ಪ್ರತಿ ಕಿಲೋಮೀಟರಿಗೆ ಗಾಳಿಯ ವಿರುದ್ಧ ತೆರುವ ಶಕ್ತಿ 1.78 ಪಟ್ಟಾಗುತ್ತದೆ, ಚೌಕಟ್ಟಾದ ಮುಂಭಾಗ, ನೆಟ್ಟಗೆ ನಿಂತ ಗಾಜು, ಪಟಪಟಿಸುವ ಕ್ಯಾನ್ವಾಸ್ ಟಾಪ್ ಇರುವ ಜೀಪಿಗೆ ಇದು ಯಾವುದೇ ಕಾರಿಗಿಂತ ದುಬಾರಿ. ಸೀಲು ಒಡೆಯದೆಯೇ ದೊರೆಯುವ ಫಲಕ್ಕಾಗಿ ಸೀಲು ಒಡೆಯಲಾಗುತ್ತಿದೆ.

ಇನ್ನುಳಿದದ್ದು ಹೊಗೆಯ ಸಾಕ್ಷ್ಯ. ವಾಯುಮಾಲಿನ್ಯ ತಪಾಸಣೆಯ ಪಿಯುಸಿ ಕೇಂದ್ರದಲ್ಲಿ ಡೀಸೆಲ್ ವಾಹನಕ್ಕೆ ಮಾಡುವ ಪರೀಕ್ಷೆ, ನ್ಯೂಟ್ರಲ್‌ನಲ್ಲಿ ನಿಂತಲ್ಲೇ ಪೆಡಲನ್ನು ಒಮ್ಮೆಲೇ ಪೂರ್ತಿ ಒತ್ತಿ ಹೊಗೆಯ ದಟ್ಟಣೆಯನ್ನು ಅಳೆಯುವ ಪರೀಕ್ಷೆ. ಭಾರತ್ ಸ್ಟೇಜ್ 4ಕ್ಕಿಂತ ಹಳೆಯ ಗಾಡಿಗಳಿಗೆ ಅದರ ಮಿತಿ 65 ಹಾರ್ಟ್‌ರಿಜ್ ಘಟಕ. ಎಂಜಿನ್ ಗರಿಷ್ಠ ಡೀಸೆಲ್ ಪಡೆಯುವ ಸಂದರ್ಭ ಇದೇ ಆದ್ದರಿಂದ ಸ್ಕ್ರೂ ಇಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತದೆ. ಪಿಯುಸಿಯಲ್ಲಿ ತೇರ್ಗಡೆಯಾಗಲು ಹುಟ್ಟಿದ ಉಪಾಯವೊಂದು ಮೈಲೇಜಿನ ಮದ್ದೆಂದು ಹೆಸರು ಪಡೆದಿರುವ ಸಾಧ್ಯತೆಯನ್ನು ಅಲ್ಲಗಳೆಯುವಂತಿಲ್ಲ, ಏಕೆಂದರೆ ಕಪ್ಪು ಹೊಗೆ ಎಂದರೆ ಸುಡದೆ ಹೋದ ಡೀಸೆಲ್ ಎಂದೂ ಅದು ನಿಂತರೆ ಅಷ್ಟೂ ಉಳಿತಾಯವೆಂದೂ ಜನ ನಂಬುತ್ತಾರೆ. ಕಣ್ಣಿಗೆ ಕಡುಕಪ್ಪಾಗಿ ಕಾಣುವ ಹೊಗೆಯಲ್ಲಿರುವ ಇಂಗಾಲದ ತೂಕ, ಸುಟ್ಟ ಡೀಸೆಲಿನ ತೂಕದ ಮುಂದೆ ಅತ್ಯಲ್ಪ.

ನ್ಯಾಯಕ್ಕಾಗಿ ಒಂದು ಮಾತು ಒಪ್ಪಬೇಕು. ಹಿಂದೆ ಯಾರೋ ಶಕ್ತಿಯ ಆಸೆಗೆ ಸ್ಕ್ರೂವನ್ನು ಮಿತಿಮೀರಿ ಒಳಕ್ಕೆ ತಿರುಗಿಸಿದ್ದರೆ ಅದನ್ನು ಮೊದಲಿನ ಮಟ್ಟಕ್ಕೆ ತರುವುದು ಯೋಗ್ಯ. ಆದರೆ ಆ ಮಟ್ಟ ಯಾವುದೆಂದು ತಿಳಿಯುವುದು ಟೆಸ್ಟ್ ಬೆಂಚಿನಲ್ಲಿ, ಸಾವಿರ ಸ್ಟ್ರೋಕಿಗೆ ಪ್ರತಿ ಪೈಪಿನಿಂದ ಎಷ್ಟು ಸಿಸಿ ಡೀಸೆಲ್ ಬಂತೆಂದು ಅಳೆದು ಮಾಡುವ ಕಾಲಿಬ್ರೇಷನ್ನಿನಿಂದ, ಗಾಡಿಯ ಮೇಲೆಯೇ ಕಿವಿಗೊಟ್ಟು ಸ್ಕ್ರೂಡ್ರೈವರ್ ತಿರುಗಿಸುವುದರಿಂದಲ್ಲ. ಮಿತಿಗಿಂತ ಕೆಳಗಿಳಿಸಿದ ಪಂಪಿನ ಜೀಪ್ ಮುರ್ಬಾಡ್ ದಾಟಿ ಮಾಳಶೇಜ್ ಘಾಟಿ ಹತ್ತುವಾಗ ಕೆಳಗಿನ ಗೇರಿನಲ್ಲೇ ಏದುಸಿರು ಬಿಡುತ್ತದೆ, ಎಂಜಿನ್ ಹೆಚ್ಚು ಸುತ್ತು ತಿರುಗಿ ತನ್ನೊಳಗಿನ ಘರ್ಷಣೆಗೇ ಡೀಸೆಲ್ ಸುಡುತ್ತದೆ.

ಈ ವಿಷಯದಲ್ಲಿ ತೀರ್ಪು ಕೊಡುವ ಇತರರ ಮಾತುಗಳನ್ನೂ ಪರಿಶೀಲಿಸದೆ ಬಿಡಲಾಗದು. ಜೀಪ್ ಪ್ರಿಯರಲ್ಲಿ ಒಂದು ಪಂಗಡ, ಜೀಪಿಗೆ ಮೈಲೇಜ್ ಕೇಳುವುದೇ ಅರಸಿಕತನವೆಂದು ವಾದಿಸುತ್ತದೆ. ರಜೆಯ ದಿನ ಮಾತ್ರ ಗಾಡಿ ಹೊರತೆಗೆಯುವವರಿಗೆ ಈ ಮಾತು ಸಲ್ಲಬಹುದು; ಆದರೆ ಮುರ್ಬಾಡ್, ಶಹಾಪುರದ ಹಳ್ಳಿಗಳಲ್ಲಿ ಹೊಟ್ಟೆಪಾಡಿಗಾಗಿ ಜೀಪ್ ಓಡಿಸುವವರ ಲೆಕ್ಕಪುಸ್ತಕ ಕಂಡವರು ಇಂಥ ಮಾತು ಆಡಲಾರರು. ಎರಡನೆಯ ಪಂಗಡ, ಹಳೆಯ ಎಂಜಿನ್ ಕಿತ್ತು ಹೊಸ ಕಾಮನ್‌ರೇಲ್ ಎಂಜಿನ್ ಕೂರಿಸಿದರೆ ಎಲ್ಲ ಪ್ರಶ್ನೆಗೂ ಪರಿಹಾರ ಎನ್ನುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದಲ್ಲಿರುವುದಕ್ಕೆ ವಿರುದ್ಧವಾದ ಮಾರ್ಪಾಡನ್ನು ನಿರ್ಬಂಧಿಸಿದೆ ಎಂಬುದನ್ನೂ, ಆ ಖರ್ಚು ಉಳಿದ ಡೀಸೆಲಿನಿಂದ ಮರಳಲು ಬೇಕಾಗುವ ವರ್ಷಗಳನ್ನೂ ಅದು ಹೇಳುವುದಿಲ್ಲ. ಮೂರನೆಯದು ಗುಜರಿ ಪಂಗಡ: 2021ರ ಆಗಸ್ಟಿನಲ್ಲಿ ಚಾಲನೆ ಪಡೆದ ವಾಹನ ಗುಜರಿ ನೀತಿಯನ್ನು ಮುಂದಿಟ್ಟುಕೊಂಡು, ಹಳೆಯ ಡೀಸೆಲ್ ಗಾಡಿಯ ಮೇಲೆ ಮಾಡುವ ಯಾವ ದುರಸ್ತಿಯೂ ವ್ಯರ್ಥವೆಂದು ಅದು ಸಾರುತ್ತದೆ. ದೆಹಲಿಯ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ಹೇರಿದ ನಿರ್ಬಂಧವನ್ನು ಮಹಾರಾಷ್ಟ್ರದ್ದೂ ಎಂಬಂತೆ ಉಲ್ಲೇಖಿಸುವುದು ಈ ಪಂಗಡದ ಅಭ್ಯಾಸ. ಇಲ್ಲಿ 15 ವರ್ಷ ದಾಟಿದ ಖಾಸಗಿ ಗಾಡಿ ಫಿಟ್‌ನೆಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹಸಿರು ತೆರಿಗೆ ಕಟ್ಟಿ ಮುಂದುವರಿಯಬಹುದು. ಮುಂದುವರಿಯುವ ಗಾಡಿ ಕಡಿಮೆ ಡೀಸೆಲ್ ಸುಡಬೇಕೆಂಬುದು ಮಾಲೀಕನ ಜೇಬಿನ ವಿಚಾರ ಮಾತ್ರವಲ್ಲ, ಸುಟ್ಟ ಪ್ರತಿ ಲೀಟರಿನಿಂದ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಈ ಮೂರು ಪಂಗಡಗಳೂ ದುರಸ್ತಿಯನ್ನು ಗಂಭೀರವಾಗಿ ಪರಿಗಣಿಸಿಲ್ಲ.

ಅಲಕ್ಷ್ಯಕ್ಕೆ ಗುರಿಯಾದವುಗಳಲ್ಲಿ ಮೊದಲನೆಯದು ಥರ್ಮೋಸ್ಟ್ಯಾಟ್, ಅಂದರೆ ತಂಪುನೀರು ಸುಮಾರು 80 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡುವ ಕವಾಟ. ಘೋಡ್‌ಬಂದರ್ ರಸ್ತೆಯ ಜಾಮಿನಲ್ಲಿ ಎಂಜಿನ್ ಅತಿಯಾಗಿ ಕಾಯುತ್ತದೆಂದು ಇದನ್ನು ಕಿತ್ತೆಸೆಯುವುದು ವ್ಯಾಪಕ ರೂಢಿ. ಕಾಯಲು ಕಾರಣ ಕಟ್ಟಿಕೊಂಡ ರೇಡಿಯೇಟರು, ಸಡಿಲಗೊಂಡ ಫ್ಯಾನ್ ಬೆಲ್ಟು, ಶಿಕ್ಷೆ ಕವಾಟಕ್ಕೆ. ಆಮೇಲೆ ತೆರೆದ ರಸ್ತೆಯಲ್ಲಿ ಎಂಜಿನ್ ತನ್ನ ಹದವಾದ ತಾಪವನ್ನು ಮುಟ್ಟುವುದೇ ಇಲ್ಲ, ಆಯಿಲ್ ದಪ್ಪವಾಗಿಯೇ ಉಳಿಯುತ್ತದೆ, ಮೊದಲೇ ಶಾಖ ಸೋರುವ ಪ್ಯೂಜೋ ಸುಳಿಕೋಣೆ ಇನ್ನಷ್ಟು ಸೋರುತ್ತದೆ. ಒಂದು ಕೆಟ್ಟ ಹವ್ಯಾಸ ಇಷ್ಟು ವರ್ಷ ಪ್ರಶ್ನೆಯಿಲ್ಲದೆ ನಡೆದುಬಂದಿರುವುದು ಖೇದಕರ.

ಎರಡನೆಯದು ನಾಝಲು, ಅಂದರೆ ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಮೂತಿ. ಅದರ ಸ್ಪ್ರಿಂಗ್ ಕಾಲಕ್ರಮದಲ್ಲಿ ಸೋತಾಗ, ನಾಝಲು ತೆರೆಯಬೇಕಾದ ಒತ್ತಡಕ್ಕಿಂತ ಮೊದಲೇ ತೆರೆದು ತೊಟ್ಟಿಕ್ಕುತ್ತದೆ. ಅದನ್ನು ಕಳಚಿ ಟೆಸ್ಟರಿನಲ್ಲಿ ನೋಡುವುದು ಚಿಕ್ಕ ಖರ್ಚು, ಸಿಂಪಡಣೆಯ ಟೈಮಿಂಗ್ ನೋಡುವುದೂ ಅಷ್ಟೆ. ಮಳೆಗಾಲ ಕಳೆದ ಮೇಲೆ ಕೊಂಕಣದ ತೇವಕ್ಕೆ ತುಕ್ಕುಹಿಡಿದ ಡ್ರಮ್ ಬ್ರೇಕಿನ ಅಡ್ಜಸ್ಟರುಗಳು ಸಿಕ್ಕಿಕೊಂಡು ಚಕ್ರವನ್ನು ಸದಾ ಹಿಡಿದಿರುತ್ತವೆ. ಗಾಡಿಯನ್ನು ಜಾಕ್ ಮೇಲೆ ಎತ್ತಿ ಕೈಯಿಂದ ಚಕ್ರ ತಿರುಗಿಸಿದರೆ ಇದು ತಿಳಿಯುತ್ತದೆ. ಗೇರಿನ ಅನುಪಾತ ಇನ್ನೂ ದೊಡ್ಡ ವಿಷಯ: ವಿಲ್ಲಿಸ್ ಪರಂಪರೆಯ 5.38ರ ಕ್ರೌನ್–ಪಿನಿಯನ್, ಅಂದರೆ ಆಕ್ಸಲಿನ ಗೇರ್ ಜೋಡಿ ಇರುವ, ಟಾಪ್ ಗೇರ್ ನೇರವಾಗಿರುವ ಜೀಪಿನಲ್ಲಿ 60 ಕಿಲೋಮೀಟರ್ ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗಬೇಕು, 4.27ರ ಜೋಡಿ ಇದ್ದರೆ 1,900 ಸಾಕು.

ಅಳತೆಯೂ ದೋಷಮುಕ್ತವಲ್ಲ. ಮೂಲದ 6.00–16 ಟೈರಿನ ವ್ಯಾಸ ಸುಮಾರು 730 ಮಿಲಿಮೀಟರ್. ಅದರ ಬದಲು 215/75 ಆರ್ 15 ಹಾಕಿದರೆ ವ್ಯಾಸ 703ಕ್ಕೆ ಇಳಿದು, ಓಡೋಮೀಟರ್ ನಡೆಯದ ದಾರಿಯನ್ನೂ ಸೇರಿಸಿ ಶೇಕಡಾ ನಾಲ್ಕರಷ್ಟು ಹೆಚ್ಚು ತೋರಿಸುತ್ತದೆ. ಒಂದೇ ಸಲ ಟಾಕಿ ಫುಲ್ ಮಾಡಿ ತೆಗೆದ ಲೆಕ್ಕದಲ್ಲಿ ನೊರೆಯ ಕಾರಣಕ್ಕೇ ಒಂದೆರಡು ಲೀಟರ್ ಏರುಪೇರಾಗಬಹುದು. ಪಂಪ್ ಸೆಟ್ಟಿಂಗಿನ ಪರ ಹೇಳಲಾಗುವ ಯಶಸ್ಸುಗಳಲ್ಲಿ ಎಷ್ಟು ಈ ಎರಡು ದೋಷಗಳ ಒಳಗೇ ಅಡಗಿಹೋಗುತ್ತವೆ ಎಂಬುದನ್ನು ಅದರ ಪ್ರತಿಪಾದಕರು ಪರೀಕ್ಷಿಸಿ ನೋಡಬೇಕು.

ಟೆಸ್ಟ್ ಬೆಂಚಿನ ಅಳತೆ ಕೈಯಲ್ಲಿಲ್ಲದೆ ಮೈಲೇಜಿಗಾಗಿ ಪಂಪಿನ ಸೀಲು ಒಡೆಯುವುದು ಸಮರ್ಥನೀಯವಲ್ಲ. ಜೀಪಿನ ಮಾಲೀಕರು ಮೊದಲು ಥರ್ಮೋಸ್ಟ್ಯಾಟ್ ಇದೆಯೇ ಎಂದು ಗ್ಯಾರೇಜಿನಲ್ಲಿ ಕೇಳಲಿ, ನಾಲ್ಕೂ ಚಕ್ರಗಳನ್ನು ಎತ್ತಿ ತಿರುಗಿಸಿ ನೋಡಲಿ, ನಾಝಲುಗಳನ್ನು ಟೆಸ್ಟರಿಗೆ ಕಳುಹಿಸಲಿ. ಇವೆಲ್ಲ ಆದ ಮೇಲೂ ಕಪ್ಪು ಹೊಗೆ ಉಳಿದರೆ ಮಾತ್ರ ಪಂಪನ್ನು ಕಳಚಿ ಕಾಲಿಬ್ರೇಷನ್ನಿಗೆ ಕೊಡಲಿ.